ಕುಟ್ಟಾಣಿಯ ಕಬ್ಬಿಣ

ಶೇಂಗಾ ಸಿಪ್ಪೆಯನ್ನು ಯೂರಿಯಾ ಜೊತೆ ಸುಟ್ಟು ಮಾಡಿದ ನ್ಯಾನೊ ಇಂಗಾಲದ ಕರಿಪುಡಿ ಅಯಸ್ಕಾಂತದತ್ತ ಜಿಗಿದ ದಿನ, ಕಟಕೋಳದ ಉಮಾಶ್ರೀಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಗಾಲ ಅಯಸ್ಕಾಂತಕ್ಕೆ ಸೊಪ್ಪು ಹಾಕುವ ಜಾತಿಯಲ್ಲ. ಅದರೊಳಗೆ ಸಾರಜನಕ ಸೇರಿಸಿದರೆ, ಕಬ್ಬಿಣದ ಹಂಗಿಲ್ಲದೆ ಆ ಗುಣ ಬರುತ್ತದೆಯೇ ಎಂಬುದೇ ಅವಳ ಪಿಎಚ್‌ಡಿ. ನಾಲ್ಕು ವರ್ಷದ ದುಡಿಮೆ ಅದರ ಮೇಲೆ ನಿಂತಿತ್ತು.

ಆ ಸಂಜೆ ಕಾಲೇಜು ಮುಗಿಸಿ ಊರಿಗೆ ಹೊರಟು, ಬೈಲಹೊಂಗಲದಲ್ಲಿ ಸವದತ್ತಿ ಬಸ್ ಹತ್ತಿ ಕುಳಿತ ಮೇಲೆ ನೆನಪಾಯಿತು. ಕಾಲೇಜಿನ ಅರೆಯುವ ಕಲ್ಲಿನ ಬಟ್ಟಲು ಒಡೆದ ವಾರ, ಪುಡಿಯನ್ನು ಊರಿಗೊಯ್ದು, ಅಜ್ಜಿ ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿದ್ದಳು! ಅದರಿಂದ ಒಂದು ಚೂರು ಕಬ್ಬಿಣ ಉದುರಿ ಬೆರೆತಿದ್ದರೂ ಸಾಕು, ಇಷ್ಟು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮುಚ್ಚಿಡಬಹುದಿತ್ತು. ಆ ಬುದ್ಧಿ ಅವಳದಲ್ಲ. ಹತ್ತಿದ ಬಸ್ ಇಳಿದು ಓಡಿ ಬಂದು ಗೈಡ್ ನೀಲಕಂಠ ಸರ್‌ಗೆ ಹೇಳಿಬಿಟ್ಟಳು.

“ಹೇಳಿದ್ದು ಛಲೋ ಆತು. ಆಸಿಡ್‌ನ್ಯಾಗ ತೊಳದು ನಾನ ನೋಡತೀನಿ. ಕಬ್ಬಿಣ ಇದ್ರ ಕರಗಿ ಹೋಗ್ತದ,” ಎಂದರು ಸರ್. ಮೂರನೇ ದಿನ ನಕ್ಕರು. “ತೊಳದ್ರೂ ಅಯಸ್ಕಾಂತ ಎಳೀತದ. ಪ್ರಬಂಧ ಬರಿ.”

ಪ್ರಬಂಧ ಇಬ್ಬರ ಹೆಸರಿನಲ್ಲಿ ಅಚ್ಚಾಯಿತು. ಸರ್ ಪ್ರಾಂಶುಪಾಲರೂ ಆದರು. ಎಂಟು ತಿಂಗಳಿಗೆ ದೂರು ಬಂತು: ಬೇರೆ ಮೂರು ಕಡೆ ಇದೇ ಪುಡಿ ಮಾಡಿ ನೋಡಿದರೆ ಅದು ಮಿಸುಕುತ್ತಲೇ ಇಲ್ಲ. ವಿಚಾರಣೆ ಶುರುವಾಯಿತು. ಕುಟ್ಟಾಣಿಯ ವಿಷಯವನ್ನು ಹುಡುಗಿ ತನಗೆ ತಿಳಿಸಲೇ ಇಲ್ಲವೆಂದು ಸರ್ ಬರೆದು ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಉಮಾಶ್ರೀ ಉಳಿದ ಪುಡಿಯನ್ನು ತಾನೇ ತೊಳೆದಳು. ಕಬ್ಬಿಣ ಕರಗಿ ಆಸಿಡ್ ಹಳದಿಯಾಯಿತು. ಪುಡಿ ಅಯಸ್ಕಾಂತದ ಮುಂದೆ ಸುಮ್ಮನೆ ಬಿದ್ದುಕೊಂಡಿತು. ಅವಳು ನೇರ ಸರ್ ಕೋಣೆಗೆ ಹೋದಳು.

“ಸರ್, ಅವತ್ತು ಖರೇನ ತೊಳದಿದ್ರೇನ್ರಿ?”

“ತೊಳದಿದ್ದೆ,” ಎಂದರು ಕಣ್ಣೆತ್ತದೆ. “ಎಳೀಲಿಲ್ಲ. ಈ ಕುರ್ಚಿಗೆ ಒಂದು ಪ್ರಬಂಧ ಬೇಕಾಗಿತ್ತು ನನಗ. ನಿನಗಿನ್ನೂ ವಯಸ್ಸದ, ಬ್ಯಾರೆ ವಿಷಯ ಹಿಡಿ. ನನಗ ಹೇಳಿಲ್ಲಂತ ಒಂದು ಸಹಿ ಮಾಡಿಬಿಡು. ನಿನ್ನ ಮಗಳಂಗ ನೋಡೀನಿ.”

ಪದವಿ ಹೋಗುವುದಕ್ಕಿಂತ, ನಂಬಿ ಒಪ್ಪಿಸಿದ ತಪ್ಪನ್ನೇ ಇವರು ತನ್ನ ಕುತ್ತಿಗೆಗೆ ಕತ್ತಿ ಮಾಡಿದ್ದು ಅವಳನ್ನು ಹೆಚ್ಚು ಸುಟ್ಟಿತು. ಹಾಳೆ ಎಳೆದುಕೊಂಡು, ಕುಟ್ಟಾಣಿಯಲ್ಲಿ ಕುಟ್ಟಿದ್ದು ತನ್ನದೇ ತಪ್ಪೆಂದು ಮೊದಲ ಸಾಲು ಬರೆದಳು. ಅದನ್ನು ಯಾರಿಗೆ, ಯಾವ ಸಂಜೆ ಹೇಳಿದೆನೆಂದು ಎರಡನೆಯ ಸಾಲು ಬರೆದು ಸಹಿ ಹಾಕಿದಳು.

“ಮಗಳಂಗ ನೋಡತೀರಿ ಅಂತನ ಸರ್, ಅವತ್ತು ಓಡಿ ಬಂದು ನಿಮಗ ಹೇಳಿದ್ದು,” ಎಂದಳು.