ತೀರ್ ತಿಂಗಳ ಇಪ್ಪತ್ತನೆಯ ತಾರೀಖು

ಕುಷ್ಟಗಿಯ ಸರ್ಕಾರಿ ಸಾಲೆಯ ಗೋಡೆಗೆ ತಿಂಗಳಿಗೊಂದು ಕಾಗದ ಅಂಟುತ್ತಿತ್ತು. ನಿಜಾಮರ ಸಂಸ್ಥಾನದ ಸಾಲೆಗಳಿಗೆಲ್ಲ ಹೈದರಾಬಾದಿನಿಂದ ಬರುವ ಪರ್ಚಾ ಅದು. ಯಾವ ತಾಲ್ಲೂಕಿನಲ್ಲಿ ಹೊಸ ಸಾಲೆ ತೆರೆಯಿತು, ಯಾವ ಜಮಾತಿಗೆ, ಅಂದರೆ ಯಾವ ತರಗತಿಗೆ, ಯಾವ ಪುಸ್ತಕ, ರಜೆ ಎಂದಿನಿಂದ ಎಂದಿನವರೆಗೆ, ಬಡವರ ಮಕ್ಕಳಿಗೆ ಪಾಟಿ ಬಳಪ ಬೇಕಾದರೆ ಯಾರನ್ನು ಕೇಳಬೇಕು, ಎಲ್ಲ ಅದರಲ್ಲಿರುತ್ತಿತ್ತು. ಇರುತ್ತಿದ್ದದ್ದೆಲ್ಲ ಉರ್ದುವಿನಲ್ಲಿ. ಊರಿನ ತಾಯಂದಿರ ಪಾಲಿಗೆ ಅದು ಗೋಡೆಗೆ ಮೆತ್ತಿದ ಹಾಳೆ ಅಷ್ಟೇ. ಅಂಟು ಬಿಟ್ಟು ಕೆಳಗೆ ಬಿದ್ದ ದಿನ ಆಡುಗಳು ತಿನ್ನುತ್ತಿದ್ದವು.

ಆ ಕಾಗದಕ್ಕೆ ಬಾಯಿ ಬಂದದ್ದು ಜೋಹರಾಬಿಯಿಂದ. ಅವಳು ದೊಡ್ಡ ಮಾಸ್ತರ ಬಾಬಾಸಾಬರ ಹೆಂಡತಿ. ನಲವತ್ತು ದಾಟಿತ್ತು, ಮಕ್ಕಳಿರಲಿಲ್ಲ. ತಂದೆ ಜಹಗೀರದಾರರೊಬ್ಬರ ಮನೆಯಲ್ಲಿ ಮುನಶಿಯಾಗಿದ್ದವರು. ಮಗಳಿಗೆ ಉರ್ದು ಕಲಿಸಿ, ಮೇಲೆ ಒಂದಿಷ್ಟು ಫಾರಸಿಯನ್ನೂ ಕಲಿಸಿದ್ದರು. ಲಗ್ನವಾಗಿ ಬಂದ ಮೇಲೆ ಆ ವಿದ್ಯೆಯನ್ನು ಕೇಳುವವರೇ ಇರಲಿಲ್ಲ. ಬೇಳೆ ಕಟ್ಟಿಕೊಟ್ಟ ಕಾಗದದ ಚೂರನ್ನು ಬಿಡಿಸಿ ಓದುತ್ತಿದ್ದಳು, ಓದಿ ಒಲೆಗೆ ಹಾಕುತ್ತಿದ್ದಳು. ಅಷ್ಟೇ ಅವಳ ಓದು.

ಒಂದು ಸಂತೆಯ ದಿನ ಯಾರೋ ಹೆಂಗಸು ಗೋಡೆಯ ಮುಂದೆ ನಿಂತು, ನಮ್ಮ ಹುಡುಗನ ಹೆಸರು ಇದರಾಗ ಐತೇನ್ರಿ ಎಂದು ಕೇಳಿದಳು. ಜೋಹರಾಬಿ ಸೆರಗು ಸರಿಮಾಡಿಕೊಂಡು ಸಾಲೆಯ ಪಕ್ಕದ ತನ್ನ ಮನೆಯಿಂದ ಹೊರಗೆ ಬಂದು ಪೂರ್ತಿ ಪರ್ಚಾ ಓದಿ ಕನ್ನಡದಲ್ಲಿ ಹೇಳಿದಳು. ಮುಂದಿನ ತಿಂಗಳು ನಾಲ್ಕು ಜನ ಬಂದರು. ವರ್ಷ ತಿರುಗುವಷ್ಟರಲ್ಲಿ ಪರ್ಚಾ ಬಂದ ವಾರದ ಸಂತೆಗೆ ಅವಳ ಅಂಗಳದಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ಬುಟ್ಟಿ ಇಳಿಸಿ ಕೂರುವುದು ರೂಢಿಯಾಯಿತು. ಸಂಸ್ಥಾನದ ಇನ್ನೊಂದು ತುದಿಯಲ್ಲಿ ಹೆಣ್ಣುಮಕ್ಕಳ ಸಾಲೆಗೆ ಬಾವಿ ತೋಡಿಸಿದರಂತೆ ಎಂದು ಕೇಳಿ ಇಲ್ಲಿಯವರು ತಮ್ಮ ಮಕ್ಕಳೇ ನೀರು ಕುಡಿದ ಹಾಗೆ ಸಮಾಧಾನಪಡುತ್ತಿದ್ದರು. ಓದುವಾಗ ಜೋಹರಾಬಿಯ ದನಿ ಬೇರೆಯಾಗುತ್ತಿತ್ತು. ಮನೆಯೊಳಗಿನ ಜೋಹರಾಬಿಗೆ ಆ ದನಿ ಇರಲಿಲ್ಲ.

ಮೊದಲ ಸಾಲಿನಲ್ಲಿ ಹುಲಗೆಮ್ಮ ಇರುತ್ತಿದ್ದಳು. ತಹಸೀಲ ಕಚೇರಿಯ ಅಂಗಳ ಗುಡಿಸಿ ಸಾರಿಸುವವಳು. ಗಂಡ ಮಾರೆಪ್ಪ ಕೂಲಿ ಮಾಡುತ್ತಿದ್ದ. ಅವರ ಮಗಳು ಫಕೀರಮ್ಮ ನಾಲ್ಕನೆಯ ಜಮಾತು ಪಾಸಾಗಿದ್ದಳು. ಸಾಲೆ ಬಿಟ್ಟ ಕೂಡಲೆ ಜೋಹರಾಬಿಯ ಪಡಸಾಲೆಗೆ ಬಂದು ಉರ್ದು ಅಕ್ಷರ ತಿದ್ದುತ್ತ ಕೂರುವ ಹುಡುಗಿ. ಅವಳು ಬಾರದ ದಿನ ಜೋಹರಾಬಿಗೆ ಸಂಜೆ ಉದ್ದವೆನಿಸುತ್ತಿತ್ತು.

ಫಸಲಿ ಸನ್ ೧೩೫೨ರ, ಅಂದರೆ ಇಂಗ್ಲಿಷರ ಲೆಕ್ಕದಲ್ಲಿ ೧೯೪೩ರ ಬೇಸಿಗೆಯಲ್ಲಿ ಬಾಬಾಸಾಬರ ಕಣ್ಣಿಗೆ ಪೊರೆ ಬಂತು. ಎರಡು ತಿಂಗಳ ರಜೆ ಹಾಕಿ ಹೈದರಾಬಾದಿನ ದವಾಖಾನೆಗೆ ಹೋದರು. ಕೈಕೆಳಗಿನ ಮಾಸ್ತರ ಸಾಲೆಯ ಕೀಲಿಕೈ ಜೋಹರಾಬಿಗೆ ಒಪ್ಪಿಸಿ, ಟಪಾಲು ಬಂದರೆ ನೋಡಿಕೊಳ್ಳಿ ಎಂದು ಹೇಳಿ ಸೂಟಿಗೆಂದು ತನ್ನ ಊರಿಗೆ ನಡೆದ. ಏಪ್ರಿಲ್ ಮುಗಿಯುತ್ತಿದ್ದ ಹೊತ್ತಿಗೆ ಹೊಸ ಪರ್ಚಾ ಬಂತು.

ಅದರಲ್ಲಿ ಒಂದು ಸುದ್ದಿಯಿತ್ತು. ನಾಲ್ಕನೆಯ ಜಮಾತು ಪಾಸಾದ ಹೆಣ್ಣುಮಕ್ಕಳನ್ನು ಹೈದರಾಬಾದಿನಲ್ಲಿ ಇಟ್ಟುಕೊಂಡು, ಮುಂದಿನ ಓದು ಓದಿಸಿ, ಉಸ್ತಾನಿಯರನ್ನಾಗಿ, ಅಂದರೆ ಸಾಲೆಯ ಮಾಸ್ತರತಿಯರನ್ನಾಗಿ ಮಾಡುತ್ತಾರೆ. ಊಟ, ವಸತಿ ಸರ್ಕಾರದ್ದು. ಅರ್ಜಿಯನ್ನು ಹುಡುಗಿ ತನ್ನ ಕೈಯಾರೆ ಬರೆಯಬೇಕು, ತಾಯಿಯೋ ತಂದೆಯೋ ಹೆಬ್ಬೆಟ್ಟು ಒತ್ತಬೇಕು. ತೀರ್ ತಿಂಗಳ ಇಪ್ಪತ್ತನೆಯ ತಾರೀಖಿನೊಳಗೆ ಅರ್ಜಿ ಮುಟ್ಟಬೇಕು.

ಓದಿ ಮುಗಿಸಿದಾಗ ಅಂಗಳವೆಲ್ಲ ಫಕೀರಮ್ಮನ ಕಡೆ ತಿರುಗಿತು. ಇಷ್ಟು ಹೆಂಗಸರ ಮಕ್ಕಳಲ್ಲಿ ನಾಲ್ಕು ಪಾಸಾದ ಹೆಣ್ಣು ಅವಳೊಬ್ಬಳೇ. ಈಕಿ ಉಸ್ತಾನಿ ಆಗಿ ಬಂದ್ರ ಮೊದಲ ನಮ್ಮ ಗಂಡಸರ ಕಿವಿ ಹಿಂಡಸೋಣು ಎಂದು ಒಬ್ಬಳು ನಗಿಸಿದಳು. ಹುಲಗೆಮ್ಮ ಮಾತ್ರ ನಗಲಿಲ್ಲ. ತಾರೀಖು ಯಾವಾಗ ಬರುತ್ತದೆ ಎಂದು ಕೇಳಿದಳು.

ಇಲ್ಲಿಯೇ ಜೋಹರಾಬಿ ಎಡವಿದಳು. ಮನೆಯಲ್ಲಿ ಅವಳು ಎಣಿಸುತ್ತಿದ್ದದ್ದು ರೋಜಾ, ಉರುಸುಗಳ ಚಂದ್ರನ ತಿಂಗಳು. ಸರ್ಕಾರದ ಫಸಲಿ ತಿಂಗಳು ಗಂಡನ ಪಾಲಿನದು. ಪರ್ಚಾದಲ್ಲಿ ತಾರೀಖು ಬಂದರೆ ಇನ್ನೆಷ್ಟು ದಿನ ಉಂಟೆಂದು ಒಳಗಿನಿಂದ ಅವರೇ ಹೇಳುತ್ತಿದ್ದರು. ಈಗ ಅವರಿರಲಿಲ್ಲ. ಚಿಕ್ಕಂದಿನಲ್ಲಿ ತಂದೆ ಬಾಯಿಪಾಠ ಮಾಡಿಸಿದ ಫಾರಸಿ ತಿಂಗಳುಗಳ ಸಾಲು ಮಾತ್ರ ನೆನಪಿತ್ತು. ಮಾರ್ಚಿನಲ್ಲಿ ಬರುವ ನೌರೋಜು ಹಬ್ಬದಿಂದ ಫರ್ವರ್ದಿ ಮೊದಲಾಗಿ ಬೆರಳು ಮಡಚಿದಳು. ಫರ್ವರ್ದಿ, ಅರ್ದಿಬಿಹಿಷ್ತ್, ಖೂರ್ದಾದ್, ತೀರ್. ತೀರ್ ಇಪ್ಪತ್ತು ಎಂದರೆ ಜುಲೈ ತಿಂಗಳ ನಡುವಿಗೆ ಬಂತು. ಆ ಲೆಕ್ಕ ಇರಾನದ್ದು. ನಿಜಾಮರ ಕಚೇರಿಯಲ್ಲಿ ಹೆಸರು ಅವೇ ಆದರೂ ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ, ತೀರ್ ಬರುವುದು ಮೇ ತಿಂಗಳಿಗೆ. ಅದನ್ನು ತಂದೆ ಹೇಳಿರಲಿಲ್ಲ, ಅವಳು ಯಾರನ್ನೂ ಕೇಳಿರಲಿಲ್ಲ.

ಮಳೆ ಹಿಡಿದ ಮೇಲೆ ಬರುತ್ತದೆ, ಇನ್ನೂ ಎರಡೂವರೆ ತಿಂಗಳಿದೆ ಎಂದು ಹೇಳಿದಳು.

ಹುಲಗೆಮ್ಮ ಸೆರಗಿನ ತುದಿ ಹಿಂಡುತ್ತ ನಿಂತಳು. "ಬೀಬಿಯವ್ರ, ತೀರ್ ಅಂದ್ರ ಬ್ಯಾಸಗಿ ಅಲ್ಲೇನ್ರಿ? ಕಚೇರಿ ಬಾಗಲಕ್ಕ ಲಾವಂಚದ ತಟ್ಟಿ ಕಟ್ಟತಾರಲ್ರಿ, ಅವಕ್ಕ ನೀರ ಹೊಡಿಯಾಕಿ ನಾನಾ. ತೀರ್ ಮುಗಿಯೂತನಾ ಹೊಡಿ, ಮುಂದಿನ ತಿಂಗಳ ಅಮರದಾದಕ್ಕ ತಟ್ಟಿ ಬಿಚ್ಚೂಣು ಅಂತಾನ್ರಿ ಜವಾನ."

ಮೂವತ್ತು ಜನ ಕೇಳುತ್ತಿದ್ದರು. ಜೋಹರಾಬಿ ಹಾಳೆಯಿಂದ ತಲೆ ಎತ್ತಿದಳು. ಅಂಗಳ ಸಾರಿಸುವವಳು ತಿದ್ದುವುದೆ? ತಿದ್ದಿಸಿಕೊಂಡರೆ ಮುಂದಿನ ಸಂತೆಗೆ ತನ್ನ ಮಾತನ್ನು ಯಾರು ನಂಬುತ್ತಾರೆ?

"ಜವಾನ ಓದ್ಯಾನೇನ? ನಮ್ಮ ಅಬ್ಬಾಜಾನ್ ಕಲಿಸಿದ್ದು ಸುಳ್ಳ ಆಗತೈತೇನವಾ ಹುಲಗೆವ್ವಾ?"

ಹೆಂಗಸರು ನಕ್ಕರು. ಹುಲಗೆಮ್ಮನೂ ತಪ್ಪು ತನ್ನದೇ ಎಂಬಂತೆ ನಕ್ಕು ಕುಳಿತಳು. ಪರ್ಚಾದ ನೆತ್ತಿಯ ಮೇಲೆ ಖೂರ್ದಾದ್ ಎಂದು ಅಚ್ಚಾಗಿತ್ತು. ಅವಳ ಲೆಕ್ಕದ ಪ್ರಕಾರ ಇನ್ನೂ ಅರ್ದಿಬಿಹಿಷ್ತ್ ನಡೆದಿತ್ತು. ಅದನ್ನು ಅಂದೇ ಸಂಜೆ ಜೋಹರಾಬಿ ನೋಡಿದಳು. ಮುಂಗಡವಾಗಿ ಅಚ್ಚು ಹಾಕಿರಬೇಕು ಎಂದುಕೊಂಡು ಹಾಳೆ ಮಡಚಿದಳು. ಓಣಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕಂದಾಯ ಕಟ್ಟುವ ಪ್ರತಿಯೊಬ್ಬ ರೈತನಿಗೂ ಫಸಲಿ ತಿಂಗಳು ಬಾಯಲ್ಲೇ ಇತ್ತು. ಕೇಳಲಿಲ್ಲ.

ಮರುದಿನದಿಂದ ಅರ್ಜಿಯ ಕೆಲಸ ಹಿಡಿದಳು. ಸರ್ಕಾರಕ್ಕೆ ಹೋಗುವ ಕಾಗದ, ಅಕ್ಷರ ಮುತ್ತಿನಂತಿರಬೇಕು ಎಂದು ಪ್ರತಿದಿನ ಫಕೀರಮ್ಮನನ್ನು ಕೂರಿಸಿ ಬರೆಸಿದಳು. ಒಂದು ದಿನ ಚುಕ್ಕೆ ತಪ್ಪಿತು, ಒಂದು ದಿನ ಸಾಲು ಏರಿತು, ಒಂದು ದಿನ ಬೆವರಿನ ಕೈ ತಾಗಿ ಶಾಯಿ ಕದಡಿತು. ಹುಡುಗಿ ತುಟಿ ಕಚ್ಚಿಕೊಂಡು ಹನ್ನೊಂದು ಸಲ ಬರೆದಳು. ಹನ್ನೆರಡನೆಯದು ಜೋಹರಾಬಿಗೆ ಒಪ್ಪಿಗೆಯಾಯಿತು. ಹುಲಗೆಮ್ಮ ಬಂದು ಹೆಬ್ಬೆಟ್ಟು ಒತ್ತಿದಳು. ಅಂದಿಗೆ ಮೇ ತಿಂಗಳು ಮುಗಿದಿತ್ತು. ಗಂಡ ಬಂದು ಸಾಲೆಯ ಮೊಹರು ಹಾಕಿಕೊಡಲಿ ಎಂದು ಅರ್ಜಿಯನ್ನು ಸಂದೂಕಿನಲ್ಲಿಟ್ಟಳು. ಆ ದಿನಗಳು ಅವಳ ಬಾಳಿನ ತುಂಬಿದ ದಿನಗಳಾಗಿದ್ದವು, ಅದನ್ನೂ ಹೇಳಬೇಕು. ಪಡಸಾಲೆಯಲ್ಲಿ ಬಗ್ಗಿ ಬರೆಯುವ ಆ ಜಡೆಯನ್ನು ನೋಡುತ್ತ, ಇನ್ನೂ ನಾಲ್ಕು ದಿನ ಇಲ್ಲಿರಲಿ ಎಂದು ಮನಸ್ಸಿನ ಯಾವುದೋ ಮೂಲೆ ಬಯಸಿರಲಿಲ್ಲವೆ? ಆಮೇಲೆ ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡಳು.

ಮೃಗಶಿರ ಮಳೆಯ ಹೊತ್ತಿಗೆ ಬಾಬಾಸಾಬರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದರು. ಅರ್ಜಿಯನ್ನು ಅವಳೇ ಓದಿ ಹೇಳಿದಳು. ಅವರು ತಾರೀಖು ಕೇಳಿದರು. ಹೇಳಿದಳು. ತೀರ್ ಮುಗಿದು ಅಮರದಾದ್ ನಡೆದಿದೆ ಎಂದಷ್ಟೇ ಹೇಳಿದರು. ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆದರೂ ಅರ್ಜಿ ಕಳಿಸಿದರು. ತಾರೀಖು ಮೀರಿ ಬಂದದ್ದನ್ನು ಪರಿಶೀಲಿಸುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆ ಉತ್ತರವನ್ನೂ ತಾಯಿಮಗಳಿಗೆ ಓದಿ ಹೇಳಬೇಕಾದವಳು ಜೋಹರಾಬಿಯೇ. ಕಾಗದ ಹಿಡಿದು ಹುಲಗೆಮ್ಮನ ಬಾಗಿಲಿಗೆ ಹೋದಳು. ಅಕ್ಷರಗಳು ಕಣ್ಣೆದುರಿಗಿದ್ದವು. ಅವುಗಳನ್ನು ಬಿಟ್ಟು, ಜಾಗ ತುಂಬಿದವಂತೆ, ಚೆನ್ನಾಗಿ ಬರೆದವರನ್ನು ಮೊದಲು ತೆಗೆದುಕೊಂಡರಂತೆ ಎಂದು ಓದಿದಳು. ಫಕೀರಮ್ಮ ಕಾಗದ ನೋಡಲು ಕೈಚಾಚಿದಾಗ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಹುಡುಗಿ ಪಡಸಾಲೆಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಯಲಬುರ್ಗಾ ಕಡೆಯ ಮಂಗಳೂರಿಗೆ ಲಗ್ನವಾಗಿ ಹೋದಳು.

ಜೋಹರಾಬಿ ಅಂಗಳದಲ್ಲಿ ಪರ್ಚಾ ಓದುವುದನ್ನು ಬಿಡಲಿಲ್ಲ. ಬಿಟ್ಟರೆ ಏಕೆಂದು ಹೇಳಬೇಕಾಗುತ್ತಿತ್ತು. ಹುಲಗೆಮ್ಮ ಮಾತ್ರ ಈಗ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮೂರು ವರ್ಷವಾದ ಮೇಲೆ, ಎಲ್ಲರೂ ಎದ್ದುಹೋದ ಒಂದು ಮಧ್ಯಾಹ್ನ, ಜೋಹರಾಬಿ ಅವಳನ್ನು ನಿಲ್ಲಿಸಿ ಇದ್ದದ್ದನ್ನು ಇದ್ದಂತೆ ಹೇಳಿದಳು. ತಾರೀಖಿನ ತಪ್ಪು, ಸುಳ್ಳು ಓದಿದ್ದು, ಎರಡೂ.

"ತಾರೀಖಿಂದು ನನಗ ಅವತ್ತಾ ಗೊತ್ತಿತ್ರಿ ಬೀಬಿಯವ್ರ" ಎಂದಳು ಹುಲಗೆಮ್ಮ.

"ಮತ್ತ ಯಾಕ ಸುಮ್ಮನಿದ್ದಿ ನನ್ನವ್ವಾ?"

"ಹೇಳಿದ್ನೆಲ್ರಿ."

ಜೋಹರಾಬಿ ಕಣ್ಣೊರೆಸಿಕೊಂಡು ಫಕೀರಮ್ಮನ ವಿಷಯ ಕೇಳಿದಳು. ಹುಡುಗಿ ಇಂದಿಗೂ ತನ್ನ ಅಕ್ಷರ ಚೆನ್ನಾಗಿರಲಿಲ್ಲ ಎಂದೇ ತಿಳಿದಿದ್ದಾಳೆ, ಗಂಡನ ಮನೆಗೆ ಹೋದ ಮೇಲೆ ಲೇಖನಿ ಹಿಡಿದಿಲ್ಲ ಎಂದು ತಾಯಿ ಹೇಳಿದಳು. ಸುಳ್ಳು ಅಷ್ಟು ದೂರ ಹೋಗುತ್ತದೆ ಎಂದು ಜೋಹರಾಬಿ ಎಣಿಸಿರಲಿಲ್ಲ. ಅಂದೇ ಕುಳಿತು ಉರ್ದುವಿನಲ್ಲಿ ಪತ್ರ ಬರೆದಳು. ನಿನ್ನ ಅಕ್ಷರವನ್ನು ಯಾರೂ ನೋಡಲೇ ಇಲ್ಲ ಮಗಳೇ, ನೋಡಿದ್ದರೆ ನೀನೇ ಮೊದಲು, ತಪ್ಪು ನನ್ನದು ಎಂದು ಬರೆದಳು. ಆ ಮನೆಯಲ್ಲಿ ಅದನ್ನು ಓದಬಲ್ಲವಳು ಫಕೀರಮ್ಮ ಒಬ್ಬಳೇ. ಮಗಳನ್ನು ನೋಡಲು ಹೊರಟಿದ್ದ ಹುಲಗೆಮ್ಮ ಪತ್ರವನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು.

ಎಂಟು ದಿನಕ್ಕೆ ತಿರುಗಿ ಬಂದಳು. ಜೋಹರಾಬಿ ಬಾಗಿಲಲ್ಲೇ ನಿಂತು, ಓದಿದಳೇ ಎಂದು ಕೇಳಿದಳು.

ಓದಿದಳು ಎಂದಳು ಹುಲಗೆಮ್ಮ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದುಕೊಂಡು ಬಂದು ಎರಡು ಸಲ ಓದಿದಳಂತೆ. ಅತ್ತೆ ಯಾರದು ಪತ್ರ ಎಂದು ಕೇಳಿದ್ದಕ್ಕೆ, ಸಾಲೀದು ಎಂದಳಂತೆ.

"ನನಗೇನರ ಅಂದ್ಲೇನ?"

ಹುಲಗೆಮ್ಮ ಮಗಳ ಮಾತನ್ನು ಅಂದಂತೆಯೇ ಹೇಳಿದಳು. "ನನ್ನ ಅಕ್ಷರ ಛಲೋ ಇಲ್ಲಂತ ತಿಳಕೊಂಡು ಸುಮ್ಮನ ಬಾಳೇ ಮಾಡಾಕ ಹತ್ತಿದ್ನೆವ್ವಾ, ಇನ್ನ ಹ್ಯಾಂಗ ಸುಮ್ಮನಿರ್ಲಿ ಅಂದ್ಲ್ರಿ."

ಜೋಹರಾಬಿ ಕೂತುಕೊಳ್ಳೆಂದು ಚಾಪೆ ಹಾಸಿದಳು. ಹುಲಗೆಮ್ಮ ಕೂರಲಿಲ್ಲ. ಕಚೇರಿಯ ಅಂಗಳ ಇನ್ನೂ ಗುಡಿಸಬೇಕಿತ್ತು.