ಗಡಿಕಲ್ಲಿನ ಕೆಳಗೆ

“ಸರ್ಕಂಡ್ ನಿಂತ್ಕಳೇ ಮುದ್ಕಿ. ನೀನ್ ಉಸ್ರು ಬುಟ್ರೂ ನೂಲು ಅಲ್ಲಾಡ್ತದೆ.”

ಹೊಲ ಅಳೆಯಲು ಬಂದ ಅಳತೆಗಾರ ಸೆಪುನಿಯಸ್ ನನಗೆ ಹೀಗೆಂದು ಮೂಗು ಮುಚ್ಚಿಕೊಂಡ. ಅವನ ಕೋಲಿನ ತಲೆಗೆ ಅಡ್ಡಡ್ಡ ಬಡಿದ ಎರಡು ಪಟ್ಟಿ, ನಾಲ್ಕು ತುದಿಗೂ ನೂಲಿಗೆ ಕಟ್ಟಿದ ತೂಗುಗುಂಡು. ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡಿದರೆ ರೋಮಿನವರಿಗೆ ಮನೆ, ಮರ, ಮನುಷ್ಯರು ಯಾವುದೂ ಕಾಣುವುದಿಲ್ಲ. ಗೆರೆ ಕಾಣುತ್ತದೆ.

ರೋಮಿನವರು ತಮ್ಮತಮ್ಮಲ್ಲೇ ಕಾದಾಡಿದಾಗ ಪಕ್ಕದೂರಿನವರು ಸೋತ ದಂಡಿಗೆ ಕಾಳು ಕೊಟ್ಟಿದ್ದರಂತೆ. ಗೆದ್ದ ಸಿಪಾಯಿಗಳಿಗೆ ಹಂಚಲು ಅವರ ನೆಲ ಸಾಲದೆ ನಮ್ಮದನ್ನೂ ಸರ್ಕಾರದ್ದೆಂದು ಸಾರಿದರು. ಚೀಟಿ ಎತ್ತಿದಾಗ ನನ್ನ ಹೊಲ ಫುಫಿಯಸ್ ಎಂಬ ಮುದಿ ಸಿಪಾಯಿಗೆ ಬಿತ್ತು. ಅವನು ನನ್ನನ್ನು ಅದೇ ಹೊಲದಲ್ಲಿ ಕೂಲಿಗಿಟ್ಟುಕೊಂಡು, ಮಲಗಲು ಹಂದಿಗೂಡಿನ ಮಗ್ಗುಲು ತೋರಿಸಿದ.

ನಾನು ಕೇಳಿದ್ದು ಒಂದೇ. ಬದುವಿನಲ್ಲಿ ನನ್ನ ಗಂಡ ಸಮ್ಮೋನ ಬೂದಿಯ ಮಡಕೆ ಹೂತಿದೆ, ಆ ಗೇಣು ಮಣ್ಣನ್ನು ಬಿಟ್ಟುಬಿಡಿ ಎಂದು ಅಳತೆಗಾರನ ಕಾಲು ಹಿಡಿದೆ. ಗೆರೆ ಯಾರಿಗೂ ಬಗ್ಗುವುದಿಲ್ಲ ಎಂದು ಅವನು ಕಾಲು ಕೊಡವಿದ.

ಮುಂದೆ ತಕರಾರು ಬಂದರೆ ಗುರುತಿಗಿರಲೆಂದು ಗಡಿಕಲ್ಲಿನ ಕೆಳಗೆ ಬೂದಿ, ಮೂಳೆ, ಮಡಕೆಚೂರು ಹೂಳುವುದು ಅವರ ಪದ್ಧತಿ. ಗುಂಡಿ ತೋಡುವಾಗ ಮಡಕೆ ಸಿಕ್ಕಿತು. ಸೆಪುನಿಯಸ್ ಬಗ್ಗಿ ನೋಡಿ ನಕ್ಕ.

“ಬೂದಿ ಐತೆ, ಮೂಳೆ ಐತೆ, ಮಡ್ಕೆನೂ ಐತೆ. ಹುಡ್ಕೋ ಕೆಲ್ಸ ತಪ್ತು. ಒಡ್ದು ಅಲ್ಲೇ ಹಾಕ್ರಲಾ.”

ಒಡೆದರು. ಕಲ್ಲು ನಿಲ್ಲಿಸುವ ಮುಂಚೆ ಬಲಿ ಕೊಟ್ಟ ಹಂದಿ ನಾನು ಸಾಕಿದ್ದು. ಅದರ ಕಾಲನ್ನು ನನ್ನ ಕೈಯಲ್ಲೇ ಹಿಡಿಸಿದರು. ಸಮ್ಮೋನ ಮೇಲೆ ರಕ್ತ, ಜೇನು, ಹೆಂಡ ಸುರಿದು ಕಲ್ಲು ನಿಲ್ಲಿಸಿದರು; ಅವರಿಗೆ ಗಡಿಕಲ್ಲೂ ದೇವರೇ. ತಲೆಗೆ ಮುಸುಕು ಹಾಕಿದ ಪೂಜಾರಿ, ಈ ಕಲ್ಲು ಕಿತ್ತವನೂ ಅವನ ಎತ್ತುಗಳೂ ದೇವರ ಪಾಲಾಗಿ ಸಾಯಲಿ ಎಂದು ಶಾಪ ಹಾಕಿದ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಾಂಸ ತಿಂದರು. ಬಡಿಸಿದವಳು ನಾನು. ಫುಫಿಯಸನ ಗಡ್ಡದಿಂದ ಕೊಬ್ಬು ಇಳಿಯುತ್ತಿತ್ತು. ಅವನು ತೇಗಿ, ಕೈಯ ಜಿಡ್ಡನ್ನು ಕಲ್ಲಿನ ನೆತ್ತಿಗೆ ಒರೆಸಿದ.

ನಾನು ತಟ್ಟೆ ಕೆಳಗಿಟ್ಟೆ. ಹೋಗಿ ಕಲ್ಲಿನ ಮೇಲೆ ಕುಳಿತೆ.

“ಏಳೇ ಮುಂಡೆ. ದ್ಯಾವ್ರ ಮ್ಯಾಲೆ ಕುಂತಿದ್ದೀಯ.” ಫುಫಿಯಸ್ ಗದರಿದ.

“ದ್ಯಾವ್ರಲ್ಲ ಕಣಪ್ಪ, ನನ್ ಗಂಡ. ಕಲ್ಲು ಕಿತ್ತು ಅವನ್ನ ಈಚೆ ತೆಗ್ದು ಕೊಡು, ಎದ್ದೋಯ್ತೀನಿ.”

ಫುಫಿಯಸ್ ಪೂಜಾರಿಯ ಮುಖ ನೋಡಿದ. ಪೂಜಾರಿ ಫುಫಿಯಸನ ಎತ್ತುಗಳ ಕಡೆ ನೋಡಿದ. ಫುಫಿಯಸ್ ಬಾಯಲ್ಲಿದ್ದ ತುತ್ತನ್ನು ಕಲ್ಲಿನ ಬುಡಕ್ಕೇ ಉಗಿದು, ಬಾರುಕೋಲಿಗೆ ಕೈ ಚಾಚಿದ.

ಕಲ್ಲಿನ ಜಿಡ್ಡು ನನ್ನ ಬಟ್ಟೆಗೆ ಹತ್ತಿ ತಣ್ಣಗಾಗುತ್ತಿತ್ತು. ನಾನು ಏಳಲಿಲ್ಲ.