ಸೌತ್ ಸಿಯ ಡಿಪೊ ಮತ್ತು ಸುಶೀಲಮ್ಮನವರ ಶನಿವಾರ

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ಮೋಡ ಕಟ್ಟಿತೆಂದರೆ ಸುಶೀಲಮ್ಮನವರ ಎದೆ ಡವಡವ ಎನ್ನುತ್ತದೆ. ಅವರ ಯಜಮಾನರು ಕೃಷ್ಣಪ್ರಸಾದರ ಕಿಡ್ನಿ ಕೈಕೊಟ್ಟಿದೆ. ತಪ್ಪದೆ ಡಯಾಲಿಸಿಸ್‌ಗೆ ಹೋಗಲೇಬೇಕು. ಕಳೆದ ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡು, ಬೀದಿ ಕೆರೆಯಾಗಿ, ಡಯಾಲಿಸಿಸ್‌ಗೆ ಹೊರಟ ಕಾರು ಗೇಟಿನಲ್ಲೇ ನಿಂತುಹೋಯಿತು. ನೀರೆತ್ತುವ ಗಾಡಿ ನಗರದ ಇನ್ನೊಂದು ತುದಿಯಿಂದ ಹೊರಟು, ದಾರಿಯ ನೀರಿನಲ್ಲಿ ತಾನೇ ಸಿಕ್ಕಿಕೊಂಡಿತು. ಮಾರನೆಯ ದಿನದ ಹೊತ್ತಿಗೆ ಯಜಮಾನರು ಮುಖ, ಕಾಲು ಊದಿ, ಉಸಿರಿಗೆ ಒದ್ದಾಡಿದರು. ದೇವರು ದೊಡ್ಡವನು, ಹೇಗೋ ಉಳಿದರು.

ಆದ್ದರಿಂದ ಈ ಸಲ ಮಳೆಗೆ ಮುಂಚೆಯೇ ಅವರ ಆರೋಗ್ಯಕ್ಕೆಂದು ಸುಶೀಲಮ್ಮ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಶನಿವಾರ ಬೆಳಿಗ್ಗೆ. ಪಂಗಾನಿಯಿಂದ, ಲೊರೆಶೋದಿಂದ ಕನ್ನಡದವರೆಲ್ಲ ಬರುವವರಿದ್ದರು.

ಆ ವಾರವೇ ಪಕ್ಕದ ಮನೆಯ ಸುಮತಿ ಏದುಸಿರು ಬಿಡುತ್ತ ಬಂದಳು. ಅವಳು ನಗರಗಳ ನೀರು, ಚರಂಡಿಯ ಕೆಲಸ ನೋಡುವ ಸಂಸ್ಥೆಯೊಂದರಲ್ಲಿದ್ದಾಳೆ. ಕೌಂಟಿಯವರು, ಅಂದರೆ ನಗರಾಡಳಿತದವರು, ಸೌತ್ ಸಿಯಲ್ಲೇ ಒಂದು ಕಾಮಗಾರಿ ಡಿಪೊ ಕಟ್ಟುವ ಯೋಚನೆಯಲ್ಲಿದ್ದಾರೆ ಎಂದಳು. ಚರಂಡಿ ತೆಗೆಯುವ ಯಂತ್ರ, ನೀರೆತ್ತುವ ಪಂಪು, ರಸ್ತೆ ರಿಪೇರಿಯ ತಂಡ ಎಲ್ಲ ಇಲ್ಲೇ ಇರುತ್ತವಂತೆ. ಹಣ ಸರ್ಕಾರದ ಬಾಂಡಿನಿಂದ. ಆದರೆ ಜಾಗ ಯಾವುದೆಂದು ತೀರ್ಮಾನಿಸುವ ಮುಂಚೆ ಜನರನ್ನು ಕೇಳಬೇಕು. ಅದಕ್ಕಾಗಿ ಬರಾಜಾ, ಅಂದರೆ ಊರವರ ಸಭೆ, ಶಾಲೆಯ ಸಭಾಂಗಣದಲ್ಲಿ. ಅದೂ ಶನಿವಾರ ಬೆಳಿಗ್ಗೆಯೇ. ಲಾರಿ ಗಲಾಟೆ ಬೇಡ ಎನ್ನುವವರೆಲ್ಲ ಹೊರಟಿದ್ದಾರೆ. ಬೇಕು ಎನ್ನುವವರು ಮನೆಯಲ್ಲಿ ಕೂತರೆ ಡಿಪೊ ಬೇರೆ ಕಡೆ ಹೋಗುತ್ತದೆ.

"ಅವತ್ತು ಪೂಜೆ ಇದೆಯಲ್ಲೇ," ಎಂದರು ಸುಶೀಲಮ್ಮ. "ಅಲ್ಲದೆ ಹೊರಗಿಂದ ಬಂದ ನಮ್ಮಂಥೋರಿಗೆ ಅಲ್ಲೇನು ಕೆಲಸ? ಇಷ್ಟು ವರ್ಷ ಬಾಯಿ ಮುಚ್ಕೊಂಡು ಮರ್ಯಾದೆಯಾಗಿ ಬದುಕಿದೀವಿ."

"ಬಾಯಿ ಮುಚ್ಕೊಂಡಿದ್ದಕ್ಕೇ ಕಾರು ಗೇಟಲ್ಲಿ ನಿಂತಿದ್ದು, ಆಂಟಿ. ನೀರೇನು ಪಾಸ್‌ಪೋರ್ಟ್ ನೋಡಿ ಒಳಗೆ ಬಂತಾ?"

ಸುಶೀಲಮ್ಮನವರಿಗೆ ನಗು ಬಂದರೂ ಅನುಮಾನ ಬಿಡಲಿಲ್ಲ. ಬಾಂಡು ಅಂತ ಈಗ ಹೇಳುತ್ತಾರೆ, ನಾಳೆ ಮನೆ ಮನೆಗೆ ಬಂದು ಚಂದಾ ಎತ್ತುತ್ತಾರೆ ಎಂದರು.

ಸುಮತಿ ಕಾಫಿ ಲೋಟ ಹಿಡಿದು ನಿಧಾನವಾಗಿ ಬಿಡಿಸಿ ಹೇಳಿದಳು. ಬಾಂಡು ಚಂದಾ ಅಲ್ಲ, ಸಾಲ. ಬಹುಕಾಲ ಬಾಳುವ ದೊಡ್ಡ ಕೆಲಸಕ್ಕೆ ಒಂದೇ ಸಲ ಹಣ ಬೇಕಾದಾಗ ಸರ್ಕಾರ ಬ್ಯಾಂಕುಗಳಿಂದಲೂ ಇಷ್ಟವಿದ್ದ ಜನರಿಂದಲೂ ಸಾಲ ಪಡೆಯುತ್ತದೆ. ಹೇಳಿದ ಹೊತ್ತಿಗೆ ಬಡ್ಡಿ ಕೊಡುತ್ತದೆ, ಅವಧಿ ಮುಗಿದಾಗ ಅಸಲು ಹಿಂತಿರುಗಿಸುತ್ತದೆ. ಕೊಳ್ಳಲೇಬೇಕೆಂಬ ಬಲವಂತ ಯಾರಿಗೂ ಇಲ್ಲ.

ಒಳಗಿನ ಕೋಣೆಯಿಂದ ಕೃಷ್ಣಪ್ರಸಾದರ ದನಿ ಬಂತು. ಅವರು ಕಾಲೇಜಿನಲ್ಲಿ ಲೆಕ್ಕಪತ್ರ ಶಾಸ್ತ್ರ ಕಲಿಸಿ ನಿವೃತ್ತರಾದವರು. "ಸಾಲ ತಾನೇ? ತೀರಿಸೋರು ಯಾರಮ್ಮ?"

"ನಾವೇ ಅಂಕಲ್, ನಮ್ಮ ಟ್ಯಾಕ್ಸಿಂದ. ಅದಕ್ಕೇ ಹೋಗಿ ಕೇಳಬೇಕು. ಎಷ್ಟು ತಗೊಂಡ್ರಿ, ಎಲ್ಲಿ ಹಾಕ್ತೀರಿ ಅಂತ. ಕೇಳೋರಿಲ್ಲದ ಸಾಲ ಮಕ್ಕಳ ತಲೆ ಮೇಲೆ ಕೂರುತ್ತೆ."

ಕೃಷ್ಣಪ್ರಸಾದರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ಪೂಜೆ ಯಾರಿಗೋಸ್ಕರ ಕಣೇ? ನನಗೆ ತಾನೇ? ಸಾಯಂಕಾಲ ಮಾಡಿದ್ರೂ ಸತ್ಯನಾರಾಯಣ ಒಪ್ಕೋತಾನೆ. ಬರಾಜಾ ಸಾಯಂಕಾಲದ ತನಕ ಕಾಯಲ್ಲ."

ಸುಶೀಲಮ್ಮ ದೇವರ ಗೂಡಿನತ್ತ ತಿರುಗಿ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಪುರೋಹಿತರಿಗೆ ಫೋನು ಮಾಡಿದರು. ಪ್ರದೋಷಕಾಲ ಇನ್ನೂ ಶ್ರೇಷ್ಠ, ಧಾರಾಳವಾಗಿ ಮಾಡೋಣ ಎಂದರು ಅವರು. ಅಷ್ಟೇ ಸಾಕಾಯಿತು. ಪೂಜೆಗೆ ಕರೆದವರಿಗೆಲ್ಲ ಮತ್ತೆ ಕರೆ ಹೋಯಿತು: ಪೂಜೆ ಸಂಜೆಗೆ, ನೀವು ಮಾತ್ರ ಬೆಳಿಗ್ಗೆಯೇ ಬರಾಜಾಕ್ಕೆ ಬನ್ನಿ.

ಶನಿವಾರದ ಆ ಸಂಭ್ರಮ ನೀವು ನೋಡಬೇಕಿತ್ತು. ಮಟಾಟು ವ್ಯಾನಿನಿಂದ ಇಳಿದವರು, ಕಾರಿನಲ್ಲಿ ಬಂದವರು, ಸೋಮಾಲಿ ಅಂಗಡಿಯವರು, ಗುಜರಾತಿ ಅಜ್ಜಂದಿರು. ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಕೌಂಟಿಯ ಎಂಜಿನಿಯರ್ ಸಿಲ್ವಿಯಾ ತಾವೇ ಎದ್ದು, "ಕರಿಬು ಮಾಮಾ," ಬನ್ನಿ ಅಮ್ಮಾ ಎಂದು ಸುಶೀಲಮ್ಮನವರಿಗೆ ಕುರ್ಚಿ ಎಳೆದುಕೊಟ್ಟರು.

ಬೇಡ ಎನ್ನುವವರು ಮೊದಲು ಮಾತಾಡಿದರು. ಒಬ್ಬ ತಾಯಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು. ದೊಡ್ಡ ಮಗ ಈ ಬೀದಿಯಲ್ಲೇ ನಡೆದು ಶಾಲೆಗೆ ಬರುತ್ತಾನೆ, ಇಲ್ಲಿ ಲಾರಿ ಓಡಿದರೆ ಗತಿಯೇನು ಎಂದಳು. ಜೋರು ಚಪ್ಪಾಳೆ. ಸುಮತಿಯ ಮುಖ ಬಾಡಿತು.

ಸುಶೀಲಮ್ಮ ಎದ್ದರು. ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿಯಲ್ಲಿ, ನೀರು ತುಂಬಿದ ಆ ದಿನ ಯಜಮಾನರಿಗೆ ಏನಾಯಿತೆಂದು ಹೇಳಿದರು. "ಈ ತಾಯಿ ಹೇಳಿದ್ದು ಸರಿ," ಎಂದರು. "ಶಾಲೆ ಬೀದಿಗೆ ಲಾರಿ ಬರಬಾರದು. ಗೇಟನ್ನು ಆಚೆ ಬದಿಯ ಮೊಂಬಾಸಾ ಹೆದ್ದಾರಿ ಕಡೆಗೆ ಇಡಿ. ಆದರೆ ಡಿಪೊ ಇಲ್ಲೇ ಇರಲಿ."

ಮೊದಲು ಚಪ್ಪಾಳೆ ತಟ್ಟಿದವಳು ಆ ತಾಯಿಯೇ. ಸಿಲ್ವಿಯಾ ನಕ್ಷೆ ಬಿಡಿಸಿ, ಗೇಟಿನ ಗುರುತನ್ನು ಆಚೆ ಬದಿಗೆ ಹಾಕಿ ಎಲ್ಲರಿಗೂ ಎತ್ತಿ ತೋರಿಸಿದರು. ಒಪ್ಪಿಗೆಯಿದ್ದವರು ಕೈ ಎತ್ತಿ ಎಂದಾಗ ಸಭಾಂಗಣದ ತುಂಬ ಕೈಗಳೇ. ಡಿಪೊ ಸೌತ್ ಸಿಗೇ ಬರಲಿ ಎಂದು ಸಭೆ ಶಿಫಾರಸು ಮಾಡಿತು.

ಸಿಲ್ವಿಯಾ ಇನ್ನೊಂದು ಮಾತು ಕೇಳಿದರು. ಬಾಂಡಿನ ಹಣ ಸರಿಯಾಗಿ ಖರ್ಚಾಗುತ್ತಿದೆಯೇ ಎಂದು ನೋಡುವ ಸಮಿತಿಗೆ ನಿಮ್ಮಲ್ಲಿ ಯಾರು ಬರುತ್ತೀರಿ? ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಡಯಾಲಿಸಿಸ್ ಸೂಜಿಯ ಗುರುತುಗಳಿದ್ದ ಕೈ ಅದು.

"ಆಸ್ಪತ್ರೆ ಇಲ್ಲದ ದಿನ ನಾನು ಬರ್ತೀನಿ," ಎಂದರು ಕೃಷ್ಣಪ್ರಸಾದರು.

ಬಂಧುಗಳೇ, ನಿಮ್ಮ ಬಡಾವಣೆಯಲ್ಲೂ ಇಂಥ ಸಭೆ ನಡೆಯುತ್ತದೆ. ಯಾವ ದಿನ, ಎಲ್ಲಿ ಎಂದು ವಾರ್ಡ್ ಕಚೇರಿಯಲ್ಲಿ ವಿಚಾರಿಸಿ, ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಿ. ಬಾಂಡು ಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಆ ಸಾಲ ಯಾವ ಕೆಲಸಕ್ಕೆ, ಹೇಗೆ ತೀರುತ್ತದೆ ಎಂದು ಮಾತ್ರ ಕೇಳದೆ ಬರಬೇಡಿ. ಉಂಡ ನೆಲದ ಒಳಿತಿಗೆ ಎದ್ದು ನಿಂತು ಆಡುವ ಒಂದು ಮಾತನ್ನೂ ದೇವರು ಸೇವೆಯೆಂದೇ ಸ್ವೀಕರಿಸುತ್ತಾನೆ.